ಗೂಗಲ್‌ನಲ್ಲಿ ಕೆಳಗಿಳಿದ ವೆಬ್‌ಸೈಟ್: ಕಾರಣ ಹುಡುಕಿ ಮತ್ತೆ ಮೇಲೆ ತರುವ ಬಗೆ

"ಸರ, ನಮ್ ಸೈಟ್ ಗೂಗಲ್‌ನ್ಯಾಗ ಕಾಣವಲ್ದ್ರೀ."

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಸಣ್ಣ ವ್ಯಾಪಾರಸ್ಥರ ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಈ ಫೋನ್ ಹೊಸದಲ್ಲ. ಇಳಕಲ್ ಸೀರೆ ಮಾರುವವರು, ಗೋಕಾಕದಿಂದ ಕರದಂಟು ಕಳಿಸುವವರು, ಬಾದಾಮಿಯಲ್ಲಿ ಲಾಡ್ಜ್ ಇಟ್ಟವರು, ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗಳು, ಎಲ್ಲರ ದೂರೂ ಇದೇ. ಫೋನ್ ಬರುವ ಹೊತ್ತಿಗೆ ಬಹಳ ಜನ ಗಾಬರಿಯಲ್ಲಿ ಏನೋ ಒಂದು ಮಾಡಿಯೇ ಬಿಟ್ಟಿರುತ್ತಾರೆ. ಥೀಮ್ ಬದಲಾಗಿರುತ್ತದೆ, ನಾಲ್ಕು ಪ್ಲಗಿನ್ ಸೇರಿರುತ್ತವೆ, ಯಾರಿಗೋ ದುಡ್ಡು ಕೊಟ್ಟು ಲಿಂಕ್ ಹಾಕಿಸಿರುತ್ತಾರೆ. ಆಮೇಲೆ ಮೊದಲಿನ ರೋಗ ಯಾವುದು, ಮದ್ದಿನಿಂದ ಬಂದದ್ದು ಯಾವುದು ಅಂತ ಬಿಡಿಸಿ ನೋಡುವುದೇ ದೊಡ್ಡ ಕೆಲಸ.

ಹಾಗಾಗಿ ಮೊದಲ ಎರಡು ಹೆಜ್ಜೆ ಮುಗಿಯುವವರೆಗೆ ಸೈಟ್‌ನಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ. ನಾನು ನೋಡಿದ ಮಟ್ಟಿಗೆ ಗೂಗಲ್ ಕೊಟ್ಟ ಶಿಕ್ಷೆಗಿಂತ ನಮ್ಮ ಕಡೆಯವರೇ ಮಾಡಿದ ಎಡವಟ್ಟುಗಳೇ ಜಾಸ್ತಿ. ಎಡವಟ್ಟು ಸಿಕ್ಕರೆ ಸರಿ ಮಾಡುವುದು ಸುಲಭ, ಅದನ್ನು ಹುಡುಕುವುದಕ್ಕೇ ಟೈಮ್ ಬೇಕು.

1. ನಿಜವಾಗಿಯೂ ಇಳಿದಿದೆಯಾ?

ನಿಮ್ಮ ಫೋನ್‌ನಲ್ಲಿ ಹುಡುಕಿ "ಮೂರನೇ ಪುಟಕ್ಕೆ ಹೋಗಿದೆ" ಅಂತ ತೀರ್ಮಾನಿಸಬೇಡಿ. ಹುಡುಕುವವರು ಯಾವ ಊರಲ್ಲಿದ್ದಾರೆ, ಯಾವ ಭಾಷೆಯಲ್ಲಿ ಹುಡುಕುತ್ತಾರೆ ಅನ್ನುವುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಬೆಳಗಾವಿಯ ಟಿಳಕವಾಡಿಯಲ್ಲಿ ಕೂತ ನಿಮಗೆ ಕಂಡದ್ದೇ ಪುಣೆಯ ಗಿರಾಕಿಗೂ ಕಾಣಬೇಕೆಂದಿಲ್ಲ.

ಗೂಗಲ್ ಸರ್ಚ್ ಕನ್ಸೋಲ್ ತೆರೆಯಿರಿ. ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗೆ ಕಾಣುತ್ತಿದೆ ಅಂತ ಮಾಲೀಕರಿಗೆ ತೋರಿಸುವ ಗೂಗಲ್‌ನದೇ ಟೂಲ್ ಅದು, ಪುಕ್ಕಟೆ. ಸೈಟ್ ಮಾಡಿಕೊಟ್ಟವರ ಇಮೇಲ್‌ನಲ್ಲಿ ಮಾತ್ರ ಅದಿದ್ದರೆ, ಇವತ್ತೇ ನಿಮ್ಮ ಹೆಸರಿಗೂ ಮಾಲೀಕರ ಹಕ್ಕು ಹಾಕಿಸಿಕೊಳ್ಳಿ. ಅಂಗಡಿ ನಿಮ್ಮದು, ಬೀಗದ ಕೈ ಬೇರೆಯವರ ಜೇಬಿನಲ್ಲಿರುವುದು ಬೇಡ.

ಅದರಲ್ಲಿ ಪರ್ಫಾರ್ಮೆನ್ಸ್ ವರದಿಗೆ ಹೋಗಿ. 16 ತಿಂಗಳ ಲೆಕ್ಕ ಅಲ್ಲಿ ಸಿಗುತ್ತದೆ. ಕ್ಲಿಕ್, ಇಂಪ್ರೆಶನ್ (ಫಲಿತಾಂಶದಲ್ಲಿ ಎಷ್ಟು ಸಲ ಕಂಡಿರಿ ಎಂಬ ಲೆಕ್ಕ), ಸರಾಸರಿ ಸ್ಥಾನ, ಈ ಮೂರನ್ನೂ ಆನ್ ಮಾಡಿಟ್ಟುಕೊಂಡು ಹೋಲಿಸಿ ನೋಡಿ. ಸ್ಥಾನ ಹಾಗೇ ಇದ್ದು ಇಂಪ್ರೆಶನ್ ಇಳಿದಿದ್ದರೆ ಹುಡುಕುವ ಜನವೇ ಕಡಿಮೆ ಆಗಿರಬಹುದು. ಸ್ಥಾನ, ಇಂಪ್ರೆಶನ್ ಎರಡೂ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ ನಿಮ್ಮ ಮೇಲೆ ಏನೋ ಬಂದು ಕೂತಿದೆ: ಜಾಹೀರಾತು, ಮ್ಯಾಪ್, ಇಲ್ಲವೇ ಗೂಗಲ್‌ನ ಎಐ ಓವರ್‌ವ್ಯೂ. ಭಾರತದಲ್ಲಿ 2024ರ ಆಗಸ್ಟ್‌ನಿಂದ ಈ ಎಐ ಉತ್ತರಗಳು ಕಾಣಿಸತೊಡಗಿದವು. "ಕರದಂಟು ಎಷ್ಟು ದಿನ ಇಡಬಹುದು" ಎಂಬಂಥ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕರೆ ಜನ ನಿಮ್ಮ ಸೈಟ್‌ವರೆಗೆ ಬರುವುದಿಲ್ಲ. ಅಲ್ಲಿ ರ್‍ಯಾಂಕ್ ಸರಿಪಡಿಸಲು ಹೊರಟರೆ ಕೈಗೆ ಏನೂ ಸಿಗುವುದಿಲ್ಲ. ಸ್ಥಾನವೇ ಇಳಿದಿದ್ದರೆ, ಇಲ್ಲವೇ ಪುಟಗಳೇ ಗೂಗಲ್‌ನಿಂದ ಮಾಯವಾಗಿದ್ದರೆ ಮಾತ್ರ ಮುಂದಿನ ಹೆಜ್ಜೆಗಳು ಬೇಕು.

ಇನ್ನೊಂದು ಮಾತು. 2025ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಒಂದೇ ಪುಟದಲ್ಲಿ ನೂರು ಫಲಿತಾಂಶ ತೋರಿಸುವ ಸೌಲಭ್ಯ ನಿಲ್ಲಿಸಿತು. ಆಗ ಬಹಳ ಸೈಟ್‌ಗಳ ಗ್ರಾಫ್‌ನಲ್ಲಿ ಇಂಪ್ರೆಶನ್ ದಢಕ್ಕನೆ ಬಿತ್ತು, ಸರಾಸರಿ ಸ್ಥಾನ ಮಾತ್ರ ಸುಧಾರಿಸಿದಂತೆ ಕಂಡಿತು. ಅದು ಲೆಕ್ಕದ ಬದಲಾವಣೆ. ಆ ತಿಂಗಳ ಕುಸಿತ ಕಂಡು ತಲೆ ಕೆಡಿಸಿಕೊಳ್ಳಬೇಡಿ.

ಸೀಸನ್ ವಿಷಯಕ್ಕೆ ಬಂದರೆ, ನಮ್ಮ ಕಡೆ ಒಂದು ವಿಶೇಷ ಇದೆ. "ಹೋದ ವರ್ಷದ ಇದೇ ದಿನಾಂಕದ ಜೊತೆ ಹೋಲಿಸಿ" ಅಂತ ಎಲ್ಲರೂ ಹೇಳುತ್ತಾರೆ. ವಿಜಯಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಾಂತಿಗೆ ಬರುವುದರಿಂದ ಅಲ್ಲಿಯ ಲಾಡ್ಜ್‌ಗೆ ಈ ಹೋಲಿಕೆ ಸರಿ. ಬಾದಾಮಿಯಲ್ಲಿ ಅದು ಕೆಲಸಕ್ಕೆ ಬಾರದು. ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ. ಆ ಹುಣ್ಣಿಮೆ 2024ರಲ್ಲಿ ಜನವರಿ 25ಕ್ಕೆ ಬಂದಿತ್ತು, 2025ರಲ್ಲಿ ಜನವರಿ 13ಕ್ಕೇ ಬಂತು. ಜನವರಿ ಕೊನೆಯ ವಾರವನ್ನು ಜನವರಿ ಕೊನೆಯ ವಾರದ ಜೊತೆ ಇಟ್ಟು ನೋಡಿದರೆ ಸೈಟ್ ಸತ್ತೇ ಹೋಯಿತೇನೋ ಅನ್ನಿಸುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡದ ಸುತ್ತಲಿನ ವ್ಯಾಪಾರಕ್ಕೂ ಇದೇ ಮಾತು. ಪಂಚಾಂಗ ಪಕ್ಕದಲ್ಲಿಟ್ಟುಕೊಂಡು ಹುಣ್ಣಿಮೆಗೆ ಮೊದಲಿನ ಎರಡು ವಾರ, ಹುಣ್ಣಿಮೆ ನಂತರದ ಎರಡು ವಾರ ಅಂತ ಹೋಲಿಸಿ.

2. ಯಾವ ದಿನ, ಯಾವ ಪುಟ, ಯಾವ ಹುಡುಕಾಟ

ಅದೇ ವರದಿಯಲ್ಲಿ ಕೆಳಗೆ ಕ್ವೆರಿ (ಜನ ಹುಡುಕಿದ ಪದಗಳು), ಪುಟ, ದೇಶ, ಸಾಧನ ಅಂತ ಪಟ್ಟಿಗಳಿವೆ. ಪುಟಗಳ ಪಟ್ಟಿಯನ್ನು ಕ್ಲಿಕ್ ವ್ಯತ್ಯಾಸದ ಮೇಲೆ ಜೋಡಿಸಿ. ಬಹಳ ಸಲ ಇಡೀ ಸೈಟ್ ಬಿದ್ದಿರುವುದಿಲ್ಲ. ಮೂರ್ನಾಲ್ಕು ಪುಟ ಬಿದ್ದಿರುತ್ತವೆ, ಹೆಚ್ಚಿನ ಗಿರಾಕಿಗಳು ಆ ಪುಟಗಳಿಂದಲೇ ಬರುತ್ತಿರುತ್ತಾರೆ.

ಗ್ರಾಫ್‌ನ ಆಕಾರವೂ ಮಾತಾಡುತ್ತದೆ. ಒಂದೇ ದಿನದಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಬಂದಿದ್ದರೆ ತಾಂತ್ರಿಕ ತೊಂದರೆ, ಇಲ್ಲವೇ ಹ್ಯಾಕ್. ಒಂದೆರಡು ವಾರದಲ್ಲಿ ಮೆಟ್ಟಿಲಿಳಿದಂತೆ ಇಳಿದಿದ್ದರೆ ಗೂಗಲ್‌ನ ಅಪ್‌ಡೇಟ್ (ಸ್ಥಾನ ಕೊಡುವ ವಿಧಾನದ ಬದಲಾವಣೆ) ಇರಬಹುದು. ತಿಂಗಳುಗಟ್ಟಲೆ ನಿಧಾನಕ್ಕೆ ಜಾರಿದ್ದರೆ ಬೇರೆಯವರು ನಿಮಗಿಂತ ಚೆನ್ನಾಗಿ ಬರೆದಿದ್ದಾರೆ, ನಿಮ್ಮ ಪುಟ ಹಳತಾಗಿದೆ. ನಿಮ್ಮ ಅಂಗಡಿ ಹೆಸರನ್ನೇ ಹುಡುಕಿದರೂ ಸೈಟ್ ಬರುತ್ತಿಲ್ಲವೆಂದರೆ ವಿಷಯ ಗಂಭೀರ, ನೇರವಾಗಿ 3 ಮತ್ತು 4ನೇ ಹೆಜ್ಜೆಗೆ ಹೋಗಿ.

ಕುಸಿತ ಶುರುವಾದ ದಿನ ಸಿಕ್ಕಿತಾ? ಅದನ್ನು ಬರೆದಿಡಿ. ಆಮೇಲೆ ಆ ದಿನದ ಆಸುಪಾಸಿನಲ್ಲಿ ಏನಾಯಿತು ಅಂತ ಎಲ್ಲರನ್ನೂ ಕೇಳಿ. ಹೋಸ್ಟಿಂಗ್ ಬದಲಾಯಿಸಿದ್ರಾ? ಡೊಮೇನ್ ರಿನ್ಯೂ ಮಾಡೋದು ಮರೆತು ನಾಲ್ಕು ದಿನ ಬಂದ್ ಇತ್ತಾ? ಎಸ್‌ಎಸ್‌ಎಲ್ (ಸೈಟ್ ಸುರಕ್ಷಿತ ಅಂತ ತೋರಿಸುವ ಪ್ರಮಾಣಪತ್ರ) ಅವಧಿ ಮುಗಿದಿತ್ತಾ? "ಸುಮ್ನೆ ಡಿಸೈನ್ ಅಷ್ಟೇ ಚೇಂಜ್ ಮಾಡಿದ್ವಿ" ಎಂಬ ಉತ್ತರ ಬಂದರೆ ಅಲ್ಲೇ ನಿಂತು ವಿಚಾರಿಸಿ.

3. ಹೊಸ ಡಿಸೈನ್ ಬಂತು, ಹಳೆ ವಿಳಾಸ ಹೋಯಿತು

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ.

ಮೊದಲು ಎರಡು ನಿಮಿಷದ ತಪಾಸಣೆ. ವರ್ಡ್‌ಪ್ರೆಸ್ ಆಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅನ್ನುವ ಭಾಗಕ್ಕೆ ಹೋಗಿ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಇಂಡೆಕ್ಸ್ ಮಾಡಬಾರದು (ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬಾರದು) ಎಂಬ ಅರ್ಥದ ಒಂದು ಟಿಕ್ ಬಾಕ್ಸ್ ಅಲ್ಲಿದೆ. ಸೈಟ್ ಕಟ್ಟುವಾಗ ಅದಕ್ಕೆ ಟಿಕ್ ಹಾಕಿರುತ್ತಾರೆ, ಸೈಟ್ ಜನರಿಗೆ ತೆರೆಯುವಾಗ ತೆಗೆಯುವುದನ್ನು ಮರೆಯುತ್ತಾರೆ. ಆ ಒಂದು ಟಿಕ್‌ಗೆ ಇಡೀ ಸೈಟ್ ಗೂಗಲ್‌ನಿಂದ ಜಾಗ ಖಾಲಿ ಮಾಡುತ್ತದೆ. ಆಮೇಲೆ ಸರ್ಚ್ ಕನ್ಸೋಲ್‌ನ ಮೇಲಿನ ಪಟ್ಟಿಯಲ್ಲಿ ನಿಮ್ಮ ಮುಖ್ಯ ಪುಟದ ವಿಳಾಸ ಹಾಕಿ ಲೈವ್ ಟೆಸ್ಟ್ ಮಾಡಿ. ನೋಇಂಡೆಕ್ಸ್ (ಇಂಡೆಕ್ಸ್ ಮಾಡಬೇಡಿ ಎಂಬ ಸೂಚನೆ) ಇದ್ದರೆ, ರೋಬೋಟ್ಸ್ ಫೈಲ್ (ಸರ್ಚ್ ಎಂಜಿನ್ ಎಲ್ಲಿಗೆ ಬರಬಾರದು ಅಂತ ಹೇಳುವ ಫೈಲ್) ತಡೆಯುತ್ತಿದ್ದರೆ, ಸರ್ವರ್ ತಪ್ಪು ಉತ್ತರ ಕೊಡುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಅದೆಲ್ಲ ಸರಿ ಇದ್ದರೆ ಹಳೆ ವಿಳಾಸಗಳ ಕಡೆ ನೋಡಿ. ಒಂದು ಸೀರೆ ಅಂಗಡಿಯ ಸೈಟ್ ಅಂದುಕೊಳ್ಳೋಣ. ಹಳೆ ಸೈಟ್‌ನಲ್ಲಿ ಗೋಮಿ ದಡಿಯ ಸೀರೆಗೆ ಒಂದು ಪುಟ, ಚಿಕ್ಕಿ ಪರಾಸ ದಡಿಯದಕ್ಕೆ ಒಂದು ಪುಟ, ಕಸೂತಿ ಹಾಕಿದ್ದಕ್ಕೆ ಒಂದು. ಹೊಸ ಸೈಟ್‌ನಲ್ಲಿ ಸೀರೆಗಳೆಲ್ಲ ಅವೇ, ಆದರೆ ವಿಳಾಸದ ನಡುವೆ 'ಪ್ರಾಡಕ್ಟ್' ಅಂತ ಒಂದು ಪದ ಸೇರಿದೆ. ನೋಡುವವರಿಗೆ ಏನೂ ವ್ಯತ್ಯಾಸವಿಲ್ಲ. ಗೂಗಲ್‌ಗೆ ಮಾತ್ರ ಹಳೆ ಪುಟ ಸತ್ತಿದೆ, ಹೊಸದು ಈಗಷ್ಟೇ ಹುಟ್ಟಿದೆ. ಇಷ್ಟು ವರ್ಷ ಬೇರೆ ಸೈಟ್‌ಗಳು ಕೊಟ್ಟ ಲಿಂಕ್‌ಗಳೆಲ್ಲ 404ಕ್ಕೆ, ಅಂದರೆ 'ಪುಟ ಸಿಗಲಿಲ್ಲ' ಎಂಬ ಸಂದೇಶಕ್ಕೆ, ಹೋಗಿ ಬೀಳುತ್ತಿವೆ.

ಸರಿಪಡಿಸಲು ಒಂದು ಎಕ್ಸೆಲ್ ಶೀಟ್ ಸಾಕು. ಎಡಗಡೆ ಹಳೆ ವಿಳಾಸ, ಬಲಗಡೆ ಹೊಸದು. ಹಳೆಯವನ್ನು ಎಲ್ಲಿಂದ ತರುವುದು? ಸರ್ಚ್ ಕನ್ಸೋಲ್‌ನಲ್ಲಿ ಕುಸಿತಕ್ಕೆ ಮೊದಲಿನ ತಿಂಗಳುಗಳನ್ನು ಆರಿಸಿ ಪುಟಗಳ ಪಟ್ಟಿ ಡೌನ್‌ಲೋಡ್ ಮಾಡಿ, 1,000 ಸಾಲುಗಳವರೆಗೆ ಸಿಗುತ್ತದೆ. ಸಣ್ಣ ಅಂಗಡಿಗೆ ಅಷ್ಟು ಧಾರಾಳ. ಇಂಡೆಕ್ಸಿಂಗ್ ವರದಿಯಲ್ಲಿ 404 ಬಂದ ವಿಳಾಸಗಳೂ ಇರುತ್ತವೆ. ಹಳೆ ಪುಟದಲ್ಲಿ ಏನು ಬರೆದಿತ್ತು ಅನ್ನುವುದೇ ಮರೆತಿದ್ದರೆ ಹಳೆ ವೆಬ್ ಪುಟಗಳ ಪ್ರತಿ ಕೂಡಿಡುವ ವೇಬ್ಯಾಕ್ ಮಷಿನ್‌ನಲ್ಲಿ ವಿಳಾಸ ಹಾಕಿ ನೋಡಿ, ಬಹಳ ಸಲ ಹಳೆ ಪ್ರತಿ ಸಿಗುತ್ತದೆ.

ಒಂದೊಂದು ಹಳೆ ಪುಟವನ್ನೂ ಅದಕ್ಕೆ ಸರಿಹೊಂದುವ ಹೊಸ ಪುಟಕ್ಕೆ 301 ರೀಡೈರೆಕ್ಟ್ (ಹಳೆ ವಿಳಾಸಕ್ಕೆ ಬಂದವರನ್ನು ಕಾಯಂ ಆಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಮಾಡಿ. ಗೋಮಿ ಗೋಮಿಗೆ, ಕಸೂತಿ ಕಸೂತಿಗೆ. ಕೆಲವರು ಬೇಗ ಮುಗಿಯಲಿ ಅಂತ ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುತ್ತಾರೆ. ಗೂಗಲ್ ಅದನ್ನು ಸಾಫ್ಟ್ 404, ಅಂದರೆ ಇಲ್ಲದ ಪುಟಕ್ಕೆ ಸಮ, ಎಂದು ತಳ್ಳಿಹಾಕುತ್ತದೆ, ಮಾಡಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಮಾಲು ನಿಜಕ್ಕೂ ನಿಂತಿದ್ದರೆ, ಹತ್ತಿರದ ಬೇರೆ ಪುಟವೂ ಇಲ್ಲದಿದ್ದರೆ 404 ಇರಲಿ ಬಿಡಿ, ಅದರಿಂದ ತೊಂದರೆ ಇಲ್ಲ. ಹಾಕಿದ ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ತೆಗೆಯಬೇಡಿ. ಡೊಮೇನ್ ಹೆಸರನ್ನೇ ಬದಲಿಸಿದ್ದರೆ ಸರ್ಚ್ ಕನ್ಸೋಲ್‌ನ ವಿಳಾಸ ಬದಲಾವಣೆ ಟೂಲ್‌ನಲ್ಲೂ ಅದನ್ನು ತಿಳಿಸಬೇಕು.

ಕನ್ನಡ ಸೈಟ್‌ಗಳಲ್ಲಿ ಕಾಣುವ ಒಂದು ಕಾಯಿಲೆಯನ್ನೂ ಇಲ್ಲೇ ನೋಡಿಬಿಡಿ. ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಸೈಟ್‌ಗೆ ಅಂಟಿಸಿರುತ್ತಾರೆ. ಹಳೆ ಡಿಸೈನ್‌ನಲ್ಲಿ ಅದೇ ಫಾಂಟ್ ಇದ್ದಿದ್ದರಿಂದ ಕಣ್ಣಿಗೆ ಕನ್ನಡ ಕಾಣುತ್ತಿತ್ತು. ಗೂಗಲ್‌ಗೆ ಅದು ಯಾವತ್ತೂ ಕನ್ನಡ ಆಗಿರಲಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಅಷ್ಟೇ. ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್, ಸರಿ ಇದೆ. ಚಿತ್ರವಿಚಿತ್ರ ಅಕ್ಷರ ಬಂದರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಓದಿ ತಿದ್ದಿ. ಬ್ಯಾನರ್ ಚಿತ್ರದ ಒಳಗೇ ಎಲ್ಲಾ ವಿವರ ಬರೆದಿಟ್ಟಿದ್ದರೆ ಅದನ್ನೂ ಪಠ್ಯವಾಗಿ ಪುಟದಲ್ಲಿ ಹಾಕಿ.

ಸ್ಪೀಡ್ ಬಗ್ಗೆ ಒಂದೇ ಮಾತು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದರೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು ಅಂತ ಗೂಗಲ್‌ನ ಅಳತೆಗಳಿವೆ. ಸೀರೆ ಫೋಟೊ ಒಂದೊಂದೂ ಎಂಟು ಎಂಬಿ ಇದ್ದರೆ ಸಣ್ಣದು ಮಾಡಿ. ಅದು ಬಿಟ್ಟು ನೂರಕ್ಕೆ ನೂರು ಅಂಕ ಬರಲಿ ಅಂತ ದುಡ್ಡು ಸುರಿಯಬೇಡಿ, ರ್‍ಯಾಂಕ್ ಬಿದ್ದದ್ದು ಬರೀ ಸ್ಪೀಡ್‌ನಿಂದ ಅನ್ನುವುದು ಅಪರೂಪ.

4. ಯಾರಾದರೂ ಒಳಗೆ ನುಗ್ಗಿದ್ದಾರಾ?

ಗೂಗಲ್‌ನಲ್ಲಿ ಸೈಟ್ ಎಂದು ಇಂಗ್ಲಿಷ್‌ನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಡೊಮೇನ್ ಬರೆದು ಹುಡುಕಿ. ನಿಮ್ಮ ಪುಟಗಳ ಪಟ್ಟಿ ಬರುತ್ತದೆ. ಕರದಂಟು ಮಾರುವ ಸೈಟ್‌ನಲ್ಲಿ ಜಪಾನೀ ಅಕ್ಷರದ ನೂರಾರು ಪುಟ, ಔಷಧಿ, ಜೂಜು ಅಂತೆಲ್ಲ ಕಂಡರೆ ಹ್ಯಾಕ್ ಆಗಿದೆ ಎಂದೇ ಲೆಕ್ಕ. ನೀವು ಆ ಪುಟ ತೆರೆದರೆ ಏನೂ ಕಾಣದೇ ಇರಬಹುದು. ಗೂಗಲ್‌ಗೆ ಒಂದು, ಜನರಿಗೆ ಇನ್ನೊಂದು ತೋರಿಸುವಂತೆ ಮಾಡಿರುತ್ತಾರೆ. ಲೈವ್ ಟೆಸ್ಟ್‌ನಲ್ಲಿ ಗೂಗಲ್‌ಗೆ ಏನು ಕಾಣುತ್ತದೆ ಅನ್ನುವುದು ತಿಳಿಯುತ್ತದೆ.

ಪುಟ ಅಳಿಸಿದರಷ್ಟೇ ಸಾಲದು. ಸರ್ಚ್ ಕನ್ಸೋಲ್‌ನ ಬಳಕೆದಾರರ ಪಟ್ಟಿ ನೋಡಿ, ಕಳ್ಳರು ತಮ್ಮ ಇಮೇಲನ್ನೂ ಮಾಲೀಕ ಅಂತ ಸೇರಿಸಿಕೊಂಡಿರುತ್ತಾರೆ. ಅದನ್ನು ತೆಗೆಯಿರಿ, ಅದಕ್ಕೆ ಅವರು ಇಟ್ಟ ದೃಢೀಕರಣ ಫೈಲನ್ನೂ ಅಳಿಸಿ. ಹೋಸ್ಟಿಂಗ್, ವರ್ಡ್‌ಪ್ರೆಸ್, ಡೇಟಾಬೇಸ್, ಇಮೇಲ್ ಎಲ್ಲದರ ಪಾಸ್‌ವರ್ಡ್ ಬದಲಿಸಿ. ಯಾರೋ ಪುಕ್ಕಟೆ ಕೊಟ್ಟ ಪೈರೇಟೆಡ್ ಥೀಮ್ ಇದ್ದರೆ ಕಳ್ಳರು ಬಂದ ಬಾಗಿಲು ಬಹುಶಃ ಅದೇ, ಕಿತ್ತುಹಾಕಿ.

ಸರ್ಚ್ ಕನ್ಸೋಲ್‌ನಲ್ಲಿ ಸೆಕ್ಯುರಿಟಿ, ಮ್ಯಾನುವಲ್ ಆಕ್ಷನ್ ಅಂತ ಎರಡು ವರದಿಗಳಿವೆ. ಗೂಗಲ್‌ನ ಮನುಷ್ಯರೇ ನೋಡಿ ಶಿಕ್ಷೆ ಕೊಟ್ಟಿದ್ದರೆ ಅದು ಮ್ಯಾನುವಲ್ ಆಕ್ಷನ್‌ನಲ್ಲಿ ಬರೆದಿರುತ್ತದೆ. ಅಲ್ಲಿ ಹಸಿರು ಟಿಕ್ ಇದ್ದರೆ ಶಿಕ್ಷೆ ಇಲ್ಲ. "ನಿಮ್ಮ ಸೈಟ್‌ಗೆ ಪೆನಲ್ಟಿ ಬಿದ್ದಿದೆ, ತೆಗೆಸಿಕೊಡ್ತೀವಿ" ಅಂತ ಫೋನ್ ಮಾಡುವವರಿಗೆ ಈ ಟಿಕ್ ತೋರಿಸಿ. ಶಿಕ್ಷೆ ಇದ್ದರೆ ಮೊದಲು ಪೂರ್ತಿ ಸರಿ ಮಾಡಿ, ಆಮೇಲೆ ಮರುಪರಿಶೀಲನೆಗೆ ಅರ್ಜಿ ಹಾಕಿ. ಅದರಲ್ಲಿ ಏನು ತಪ್ಪಾಗಿತ್ತು, ಏನು ತೆಗೆದಿರಿ, ಈಗ ಹೇಗಿದೆ ಅಂತ ನೇರವಾಗಿ ಬರೆಯಿರಿ. ಅರ್ಧ ಕೆಲಸ ಮಾಡಿ ಅರ್ಜಿ ಹಾಕಿದರೆ ವಾಪಸ್ ಬರುತ್ತದೆ.

5. ಗೂಗಲ್‌ನ ಅಪ್‌ಡೇಟ್ ಆಗಿದ್ದರೆ

ಗೂಗಲ್ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ದೊಡ್ಡ ಅಪ್‌ಡೇಟ್‌ಗಳು ಯಾವಾಗ ಶುರುವಾದವು, ಯಾವಾಗ ಮುಗಿದವು ಅಂತ ದಿನಾಂಕ ಸಮೇತ ಇರುತ್ತದೆ. ನೀವು ಬರೆದಿಟ್ಟ ದಿನ ಅದರೊಳಗೆ ಬೀಳುತ್ತದಾ ನೋಡಿ. 2024ರ ಮಾರ್ಚ್ ಕೋರ್ ಅಪ್‌ಡೇಟ್ ಮಾರ್ಚ್ 5ಕ್ಕೆ ಶುರುವಾಗಿ ಏಪ್ರಿಲ್ 19ಕ್ಕೆ ಮುಗಿಯಿತು. ಇಂಥವು ನಡೆಯುವಾಗ ಸ್ಥಾನ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಅಪ್‌ಡೇಟ್ ಮುಗಿದ ಮೇಲೆ ಒಂದು ವಾರ ಬಿಟ್ಟು, ಶುರುವಾಗುವ ಮೊದಲಿನ ವಾರದ ಜೊತೆ ಹೋಲಿಸಿ ಅಂತ ಗೂಗಲ್ ತಾನೇ ಹೇಳುತ್ತದೆ. 2ರಿಂದ 4ಕ್ಕೆ ಇಳಿದಿದ್ದರೆ ಏನೂ ಮಾಡಬೇಡಿ. 4ರಿಂದ 29ಕ್ಕೆ ಹೋಗಿದ್ದರೆ ಪುಟದಲ್ಲಿ ಏನಿದೆ ಅನ್ನುವುದನ್ನೇ ನೋಡಬೇಕು.

ಈಗ ಆ ಪುಟ ತೆರೆದು ಗಿರಾಕಿಯ ಕಣ್ಣಿನಿಂದ ಓದಿ. "ಇಳಕಲ್ ಸೀರೆ ವಿಶ್ವಪ್ರಸಿದ್ಧವಾಗಿದ್ದು ತನ್ನದೇ ಆದ ಇತಿಹಾಸ ಹೊಂದಿದೆ" ಅಂತ ಶುರುವಾಗುತ್ತದಲ್ವಾ? ಈ ವಾಕ್ಯ ಊರಿನ ಎಲ್ಲಾ ಸೀರೆ ಸೈಟ್‌ನಲ್ಲೂ ಇದೆ. ಗೂಗಲ್ ನಿಮ್ಮದನ್ನೇ ಯಾಕೆ ಮೇಲೆ ಇಡಬೇಕು?

ನಿಮ್ಮ ಬಳಿ ಇರುವುದು ಬೇರೆಯವರ ಬಳಿ ಇಲ್ಲ, ಅದನ್ನು ಬರೆಯಿರಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ನೂಲು) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಅದಕ್ಕೇ ತೋಪ ತೆನಿ ಎಂಬ ವಿನ್ಯಾಸದ ಸೆರಗಿನ ಪ್ರತಿ ಸೀರೆಗೂ ಹಾಸು ಬೇರೆಯಾಗಿಯೇ ತಯಾರಾಗಬೇಕು. ಆ ಕೊಂಡಿ ಕೂತ ಜಾಗದ ಹತ್ತಿರದ ಫೋಟೊ ನಿಮ್ಮ ಫೋನ್‌ನಲ್ಲೇ ತೆಗೆದು ಹಾಕಿ. ಸೀರೆಯನ್ನು ತಿರುಗಿಸಿ ಹಿಂಬದಿಯನ್ನೂ ತೋರಿಸಿ. ಕೈಮಗ್ಗದ್ದು, ಪವರ್‌ಲೂಮ್‌ದು ಪಕ್ಕಪಕ್ಕ ಇಟ್ಟು ಬೆಲೆ ಯಾಕೆ ಬೇರೆ ಅಂತ ವಿವರಿಸಿ. ಒಡಲು ಹತ್ತಿಯದೋ ರೇಷ್ಮೆಯದೋ, ಉದ್ದ ಎಷ್ಟು, ರವಿಕೆ ಬಟ್ಟೆ ಸೇರಿದೆಯಾ, ಮೊದಲ ಸಲ ಒಗೆದಾಗ ಬಣ್ಣ ಬಿಡುತ್ತದಾ, ಬೆಂಗಳೂರಿಗೆ ಎಷ್ಟು ದಿನದಲ್ಲಿ ಮುಟ್ಟುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಗಿರಾಕಿಗಳು ದಿನಾ ಕೇಳುವ ಪ್ರಶ್ನೆಗಳೇ ಇವು. ಆ ಚಾಟ್‌ಗಳನ್ನು ಒಂದು ಸಲ ಕೂತು ಓದಿ, ಪುಟಕ್ಕೆ ಬೇಕಾದ ಸರಕು ಅಲ್ಲೇ ಇದೆ.

ಎಐಯಿಂದ ನೂರು ಲೇಖನ ಬರೆಸಿ ಒಂದೇ ರಾತ್ರಿ ಹಾಕುವುದು ಬೇಡ. ರ್‍ಯಾಂಕಿಗೋಸ್ಕರ ರಾಶಿಗಟ್ಟಲೆ ಪುಟ ಹುಟ್ಟಿಸುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನಿಯಮಗಳಿಗೆ ಸೇರಿಸಿದೆ. ಮಷಿನ್ ಬರೆಯಲಿ, ಮನುಷ್ಯ ಬರೆಯಲಿ, ನಿಯಮ ಒಂದೇ. ಬೆಳಗಾವಿ ಕಡೆಯ ಸೈಟ್‌ಗಳಿಗೆ ಮರಾಠಿ ಪುಟ ಬೇಕಾಗುತ್ತದೆ, ಇಂಗ್ಲಿಷ್ ಪುಟವೂ ಬೇಕು. ಅವನ್ನು ಮಷಿನ್‌ನಿಂದ ತಿರುಗಿಸಿ ಓದದೇ ಹಾಕಿದ್ದರೆ, ಭಾಷೆ ಬಲ್ಲವರಿಂದ ತಿದ್ದಿಸಿ. ಆಗದಿದ್ದರೆ ಸದ್ಯಕ್ಕೆ ತೆಗೆಯಿರಿ.

6. ಬೆಲ್‌ಗಾಮ್, ಬಿಜಾಪುರ ಮತ್ತು ಎರಡು ವಿಜಯಪುರ

2014ರ ನವೆಂಬರ್ 1ರಂದು ನಮ್ಮ ಊರುಗಳ ಅಧಿಕೃತ ಹೆಸರು ಬದಲಾಯಿತು. ಹುಡುಕುವವರ ಬೆರಳು ಇನ್ನೂ ಬದಲಾಗಿಲ್ಲ. ಹೊರಗಿನವರು ಬೆಲ್‌ಗಾಮ್, ಬಿಜಾಪುರ ಅಂತಲೇ ಟೈಪ್ ಮಾಡುತ್ತಾರೆ. ಡಿಸೈನ್ ಬದಲಿಸುವಾಗ ಹಳೆ ಹೆಸರನ್ನು ಪೂರ್ತಿ ಅಳಿಸಿದ ಸೈಟ್‌ಗಳಿವೆ. ನಿಮ್ಮ ಕ್ವೆರಿ ಪಟ್ಟಿಯಲ್ಲಿ ಹಳೆ ಹೆಸರಿನ ಹುಡುಕಾಟಗಳು ಮಾತ್ರ ಬಿದ್ದಿವೆಯಾ ನೋಡಿ. ಬಿದ್ದಿದ್ದರೆ ಪುಟದಲ್ಲಿ ಸಹಜವಾಗಿ ಒಂದು ಕಡೆ "ಹಿಂದೆ ಬಿಜಾಪುರ ಎನ್ನುತ್ತಿದ್ದ ವಿಜಯಪುರ" ಅಂತ ಬರೆಯಿರಿ. ದೇವನಹಳ್ಳಿ ಹತ್ತಿರವೂ ಒಂದು ವಿಜಯಪುರ ಇರುವುದರಿಂದ, ಗೋಳಗುಮ್ಮಟದಿಂದ ಎಷ್ಟು ದೂರ, ಯಾವ ಜಿಲ್ಲೆ ಅನ್ನುವುದೂ ಪುಟದಲ್ಲಿ ಇರಲಿ. ಒಂದೊಂದು ಹೆಸರಿಗೆ ಒಂದೊಂದು ಪುಟ ಮಾಡುವುದು, ಇಪ್ಪತ್ತು ಊರಿನ ಹೆಸರಲ್ಲಿ ಅದೇ ಪುಟವನ್ನು ಇಪ್ಪತ್ತು ಸಲ ಹಾಕುವುದು ಸ್ಪ್ಯಾಮ್.

ಮ್ಯಾಪ್‌ನಲ್ಲಿ ಅಂಗಡಿ ಕಾಣೆಯಾಗಿದ್ದರೆ ಅದು ಬೇರೆಯೇ ವಿಷಯ. ಅದನ್ನು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ನೋಡಬೇಕು. ಪ್ರೊಫೈಲ್ ಅಮಾನತಾಗಿದೆಯಾ, ಯಾರಾದರೂ "ಶಾಶ್ವತವಾಗಿ ಮುಚ್ಚಿದೆ" ಅಂತ ತಿದ್ದಿದ್ದಾರಾ, ವಿಳಾಸ ಮತ್ತು ಫೋನ್ ನಂಬರ್ ಸೈಟ್‌ನಲ್ಲಿರುವುದಕ್ಕೆ ಹೊಂದುತ್ತದಾ, ಇಷ್ಟು ಪರಿಶೀಲಿಸಿ.

7. ಲಿಂಕ್‌ಗಳು

ದುಡ್ಡು ಕೊಟ್ಟು ಲಿಂಕ್ ತೆಗೆದುಕೊಳ್ಳಬೇಡಿ. ಎಲ್ಲಿಂದಲೋ ಬಂದ ಕೆಟ್ಟ ಲಿಂಕ್ ಕಂಡು ಹೆದರಲೂಬೇಡಿ, ಅಂಥವನ್ನು ಗೂಗಲ್ ಹೆಚ್ಚಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡಿಸ್‌ಅವೋ ಟೂಲ್ (ಈ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಗೂಗಲ್‌ಗೆ ತಿಳಿಸುವುದು) ಬೇಕಾಗುವುದು ಹಿಂದೆ ನೀವೇ ಲಿಂಕ್ ಕೊಂಡು ಮ್ಯಾನುವಲ್ ಆಕ್ಷನ್ ಬಿದ್ದಿದ್ದರೆ, ಇಲ್ಲವೇ ಬೀಳುವ ಹಾಗಿದ್ದರೆ. ಸುಮ್ನೆ ಅದರಲ್ಲಿ ಕೈಯಾಡಿಸಿ ಒಳ್ಳೆ ಲಿಂಕನ್ನೂ ಕಳೆದುಕೊಂಡವರಿದ್ದಾರೆ. "ಒಂದನೇ ಸ್ಥಾನ ಗ್ಯಾರಂಟಿ" ಅನ್ನುವವರಿಗೆ ಅಡ್ವಾನ್ಸ್ ಕೊಡಬೇಡಿ. ಆ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್ಲೇ ಹೇಳಿದೆ.

8. ಎಷ್ಟು ದಿನ ಕಾಯಬೇಕು?

ನೋಇಂಡೆಕ್ಸ್ ತೆಗೆದಿದ್ದರೆ ಸೈಟ್‌ಮ್ಯಾಪ್ (ಸೈಟ್‌ನ ಪುಟಗಳ ಪಟ್ಟಿ ಇರುವ ಫೈಲ್) ಮತ್ತೆ ಸಲ್ಲಿಸಿ, ಮುಖ್ಯ ಪುಟಗಳಿಗೆ ಇಂಡೆಕ್ಸ್ ಕೋರಿಕೆ ಹಾಕಿ. ಕೆಲವು ದಿನದಿಂದ ಕೆಲವು ವಾರದಲ್ಲಿ ಚೇತರಿಕೆ ಕಾಣುತ್ತದೆ. ರೀಡೈರೆಕ್ಟ್‌ಗೆ ಇನ್ನಷ್ಟು ಹಿಡಿಯುತ್ತದೆ. ಕೋರ್ ಅಪ್‌ಡೇಟ್‌ನಲ್ಲಿ ಬಿದ್ದದ್ದಕ್ಕೆ ತಿಂಗಳುಗಳೇ ಬೇಕು, ಕೆಲವೊಮ್ಮೆ ಮುಂದಿನ ಕೋರ್ ಅಪ್‌ಡೇಟ್ ಬರುವವರೆಗೆ ಗ್ರಾಫ್ ಅಲುಗಾಡುವುದಿಲ್ಲ. ಅಲ್ಲಿಯವರೆಗೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಎಕ್ಸೆಲ್ ಶೀಟ್‌ನಲ್ಲಿ ದಿನಾಂಕ ಹಾಕಿ ಬರೆದಿಡಿ. ದಿನಾ ನೋಡಬೇಡಿ, ಕನ್ಸೋಲ್‌ನಲ್ಲಿ ಪಕ್ಕಾ ಲೆಕ್ಕ ಬರಲು ಹೇಗೂ ಎರಡು ಮೂರು ದಿನ ಹಿಡಿಯುತ್ತದೆ. ವಾರಕ್ಕೊಮ್ಮೆ ಸಾಕು.

ಅಷ್ಟಾದರೂ ಯಾವುದೋ ಒಂದು ಹುಡುಕಾಟ ವಾಪಸ್ ಬರದಿದ್ದರೆ ಅದರ ಹಿಂದೆಯೇ ಬೀಳಬೇಡಿ. "ಇಳಕಲ್ ಸೀರೆ" ಎಂಬ ಎರಡೇ ಪದಕ್ಕೆ ದೇಶದ ದೊಡ್ಡ ಆನ್‌ಲೈನ್ ಅಂಗಡಿಗಳೆಲ್ಲ ಸಾಲುಗಟ್ಟಿವೆ. ಕ್ವೆರಿ ಪಟ್ಟಿಯಲ್ಲಿ 8ರಿಂದ 20ನೇ ಸ್ಥಾನದ ನಡುವೆ ಇರುವ ಉದ್ದ ಹುಡುಕಾಟಗಳನ್ನು ಬೇರೆ ಮಾಡಿ: ಒಂಬತ್ತು ಗಜದ ಹತ್ತಿ ಇಳಕಲ್ ಸೀರೆ, ಸೀಮಂತಕ್ಕೆ ಹಸಿರು ಇಳಕಲ್, ಗುಳೇದಗುಡ್ಡ ಖಣ ಮೀಟರ್ ರೇಟ್. ಮುಂದಿನ ತಿಂಗಳ ಕೆಲಸ ಆ ಪುಟಗಳಿಂದ ಶುರು ಮಾಡಿ.